ವೀಣೆಯ ತಪ್ಪಿಗೆ ಕಿವಿಗೆ ಶಿಕ್ಷೆ

ನಮ್ಮ ನೆರೆಮನೆಯ ಹುಡುಗಿಗೆ ಸ್ವರಜ್ಞಾನವಿಲ್ಲವೆಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅಜ್ಜಿಯ ವೀಣೆ; ಇಪ್ಪತ್ತು ವರ್ಷ ಗವುಸಿನೊಳಗಿದ್ದು ಈಚೆಗೆ ಹೊರಬಂದಿತ್ತು. ಶ್ರುತಿಮಾಡಿ ನುಡಿಸಲು ಕುಳಿತರೆ ಕೆಳಗೆಲ್ಲ ಸರಿ, ಮೇಲೇರಿದಂತೆ ಅಪಸ್ವರ. ಪಾಠ ಬಿಡಿಸುವ ಮಾತೂ ನಡೆದಿತ್ತು.

“ಸಾರಣಿಯನ್ನು ಒತ್ತದೆ ಮೀಟಮ್ಮ. ಈಗ ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿ ಮೀಟು,” ಎಂದೆವು. ತಂತಿಯ ನಡುಮಧ್ಯದ ಆ ಮೆಟ್ಟಿಲು ಮೇಲಿನ ಷಡ್ಜವನ್ನು ಕೊಡಬೇಕು. ಕೊಟ್ಟದ್ದು ಎಳೆಯಷ್ಟು ಹೆಚ್ಚು.

“ನನಗೂ ಹಾಗೇ ಕೇಳಿಸುತ್ತಿತ್ತು ಮಾಮ. ಹೇಳುವುದಕ್ಕೆ ಹೆದರಿಕೆ.”

ತಪ್ಪು ಯಾರದೆಂದು ವಾಚಕರಿಗೆ ತಿಳಿಯಿತಷ್ಟೆ! ವೀಣೆಯ 24 ಮೆಟ್ಟಿಲುಗಳು ಮರಕ್ಕೆ ಹೊಡೆದವಲ್ಲ. ಮಸಿ ಬೆರೆತ ಜೇನುಮೇಣದಲ್ಲಿ ಕೂರಿಸಿದವು. ಬೇಸಗೆಯ ಕಾವಿಗೆ ಮೇಣ ಮೆದುವಾದೀತು, ಮೆಟ್ಟಿಲು ಜರುಗೀತು. ಆಗ ಮೇಳ ಕಟ್ಟಿಸಬೇಕು. ಸ್ವರ ಏರಿದ್ದರೆ ಮೆಟ್ಟಿಲನ್ನು ಯಾಳಿಯ ಕಡೆಗೆ, ಇಳಿದಿದ್ದರೆ ಕುದುರೆಯ ಕಡೆಗೆ ಸರಿಸುತ್ತಾರೆ. ಅದಕ್ಕೆ ಮುನ್ನ ತಂತಿಗಳನ್ನು ಬದಲಾಯಿಸಿರಬೇಕು. ಹಳೆಯ ತಂತಿಯೇ ಸುಳ್ಳು ಹೇಳುವುದುಂಟು.

ಅವಳ ಅಣ್ಣ ಕಾಲೇಜಿನ ವಾದ್ಯವೃಂದದಲ್ಲಿ ಬಾಸ್ ಗಿಟಾರ್ ನುಡಿಸುವವನು. 1951ರಲ್ಲಿ ಅಮೆರಿಕೆಯ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಮಾದರಿಯಿಂದ ಜನಪ್ರಿಯವಾದ ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ, ಅದಕ್ಕೂ ಹನ್ನೆರಡನೆಯ ಮೆಟ್ಟಿಲಿನದೇ ಪರೀಕ್ಷೆ. ಅಲ್ಲಿ ಮೆಟ್ಟಿಲು ಅಲುಗದು. ಸ್ವರ ಹೆಚ್ಚಾದರೆ ತಂತಿಯ ಕುದುರೆಯನ್ನೇ ಹಿಂದಕ್ಕೆ ಸರಿಸಿ ಉದ್ದವನ್ನು ಹೆಚ್ಚಿಸಬೇಕು. ಒಂದೇ ಮನೆಯಲ್ಲಿ ಎರಡು ವಾದ್ಯ, ಒಂದೇ ರೋಗ, ಚಿಕಿತ್ಸೆ ಮಾತ್ರ ತಿರುವುಮುರುವು. ಅಣ್ಣನಿಗೆ ತನ್ನ ಗಿಟಾರಿನ ಮರ್ಮ ತಿಳಿದಿತ್ತು. ತಂಗಿಯ ವೀಣೆಯತ್ತ ಅವನು ತಿರುಗಿಯೂ ನೋಡಿರಲಿಲ್ಲ.

ಹೊಸ ವೀಣೆಯನ್ನೇ ಕೊಳ್ಳೋಣವೆಂದು ತಂದೆಯವರ ಸಲಹೆ. ನಾವು ಬೇಡವೆಂದೆವು. ಚೆನ್ನಾಗಿ ಹದವಾದ ಹಳೆಯ ಹಲಸಿನ ಮರ. ದಂಡಿ ಬಾಗಿಲ್ಲ, ಬುರುಡೆಯ ಸಂದು ಬಿಟ್ಟಿಲ್ಲ, ಅನುಮಂದ್ರದ ನಾದ ಕೋಣೆಯಲ್ಲಿ ಇನ್ನೂ ತುಂಬಿ ನಿಲ್ಲುತ್ತದೆ. ಕೊಳ್ಳುವವರು ನೋಡಬೇಕಾದದ್ದು ಇವನ್ನೇ. ಕುಸುರಿಯ ಬೆಡಗನ್ನು ಆಮೇಲೆ ನೋಡಿದರಾಯಿತು. ವೀಣೆ ಶೇಷಣ್ಣನವರ (1852–1926) ಊರಿನಲ್ಲಿ ಇಷ್ಟನ್ನೂ ಹೇಳಬೇಕಾಗಿ ಬಂದದ್ದು ನಮಗೆ ಕೊಂಚ ಸಂಕೋಚವೇ.

ಮೇಳ ಕಟ್ಟುವ ವೃದ್ಧರು ಬಂದರು. ಎರಡನೆಯ ದಿನ ಸಂಜೆ ಕೆಲಸ ಮುಗಿಯಿತೆಂದು ಕೈ ಒರೆಸಿಕೊಳ್ಳುತ್ತಿದ್ದಾಗ ಹುಡುಗಿ ಮೆಲ್ಲಗೆ, “ತಾತ, ಏಳನೆಯ ಮೆಟ್ಟಿಲಿನ ಪಂಚಮ ಇನ್ನೂ ಸ್ವಲ್ಪ ಇಳಿದಿದೆಯಲ್ಲವೆ?” ಎಂದಳು.

ವೃದ್ಧರು ಮೀಟಿ ನೋಡಿದರು. ಮಾತಾಡದೆ ಮತ್ತೆ ಮೇಣ ಕಾಯಿಸತೊಡಗಿದರು.