ಬಸವನೂ ಋಷಭನೂ

ವಿದ್ಯಾವಂತರ ಮನೆಗಳಲ್ಲಿ ಈಚೆಗೆ ನಡೆಯುವ ನಾಮಕರಣಗಳಲ್ಲಿ ಒಂದು ವಿಚಿತ್ರವು ಕಾಣಬರುತ್ತಿದೆ. ತಾತನ ಹೆಸರು ಬಸವಪ್ಪ. ತೊಟ್ಟಿಲಿನ ಕೂಸಿಗೆ ಇಡುವ ಹೆಸರು ‘ರಿಷಬ್’. ತಾತನ ಹೆಸರನ್ನೇಕೆ ಬಿಟ್ಟಿರೆಂದು ಕೇಳಿದವರಿಗೆ, ಬಸವನೆಂಬುದು ಹಳ್ಳಿಯ ಹೆಸರು, ಎತ್ತಿನ ಹೆಸರು. ರಿಷಬ್ ಎಂಬುದಾದರೋ ಶುದ್ಧ ಸಂಸ್ಕೃತ, ಅದಕ್ಕೆ ‘ಶ್ರೇಷ್ಠ’ನೆಂದು ಅರ್ಥ, ಎಂಬ ಉತ್ತರವು ದೊರೆಯುತ್ತದೆ. ಅರ್ಥವನ್ನು ಹೇಳಿಕೊಟ್ಟದ್ದು ಕೈಯೊಳಗಿನ ಫೋನು. ಮನೆಯಲ್ಲಿಯೇ ಕುಳಿತಿರುವ ಹಿರಿಯರನ್ನು ಯಾರೂ ಕೇಳಿದಂತೆ ತೋರುವುದಿಲ್ಲ.

ಈ ಉತ್ತರದ ಎರಡು ಭಾಗಗಳೂ ಶಾಸ್ತ್ರಕ್ಕೆ ನಿಲ್ಲುವುದಿಲ್ಲ. ಅಮರಕೋಶದ ವೈಶ್ಯವರ್ಗವನ್ನು ತೆರೆದು ನೋಡಿದರೆ, ಎತ್ತಿನ ಪರ್ಯಾಯಪದಗಳ ಸಾಲಿನಲ್ಲಿ ಋಷಭ, ವೃಷಭ, ವೃಷ ಎಂಬ ಮೂರೂ ಒಂದರ ಪಕ್ಕದಲ್ಲೊಂದು ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದಂತೆ ನಿಂತಿವೆ. ‘ಶ್ರೇಷ್ಠ’ನೆಂಬ ಅರ್ಥವು ಋಷಭಶಬ್ದಕ್ಕೆ ಬರುವುದು ಅದು ಸಮಾಸದಲ್ಲಿ ಉತ್ತರಪದವಾದಾಗ: ಪುರುಷರ್ಷಭ, ಭರತರ್ಷಭ ಎಂಬಂತೆ. ವ್ಯಾಘ್ರ, ಪುಂಗವ, ಕುಂಜರ ಎಂಬ ಶಬ್ದಗಳಿಗೂ ಇದೇ ನ್ಯಾಯವನ್ನು ಅಮರಸಿಂಹನು ಹೇಳಿದ್ದಾನೆ. ಬರಿಯ ಋಷಭನು ಎತ್ತೇ ಹೊರತು ಬೇರೆಯಲ್ಲ. ಎತ್ತಿಗೆ ಹೆದರಿ ಓಡಿದವರು ಮತ್ತೊಂದು ಎತ್ತಿನ ಕೊರಳನ್ನೇ ಅಪ್ಪಿಕೊಂಡಿದ್ದಾರೆ.

ಇನ್ನು ಬಸವನೆಂಬ ಪದದ ಕುಲವನ್ನು ವಿಚಾರಿಸೋಣ. ಅದು ವೃಷಭಶಬ್ದದ ತದ್ಭವ. ಆದಿಯ ವಕಾರವು ಬಕಾರವಾಗುವುದು ಕನ್ನಡಕ್ಕೆ ಸಹಜ: ವರ್ಣವು ಬಣ್ಣ, ವಸತಿಯು ಬಸದಿ, ವೀರನು ಬೀರ. ಷಕಾರವು ಸಕಾರವಾಗುವುದಕ್ಕೆ ಭಾಷೆಯು ಬಾಸೆಯಾದುದು ಸಾಕ್ಷಿ. ಋಕಾರವು ಅಕಾರವಾಗುವುದಕ್ಕೆ, ರಾಷ್ಟ್ರಕೂಟರ ಕೃಷ್ಣನನ್ನು ಕನ್ನಡ ಶಾಸನಗಳು ಕನ್ನರನೆಂದು ಕರೆದಿರುವುದನ್ನು ನೋಡಬಹುದು. ಪ್ರಾಕೃತದ ‘ವಸಹ’, ಪಾಳಿಯ ‘ವಸಭ’ ಇವು ಬಸವನ ಅಣ್ಣತಮ್ಮಂದಿರು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ತದ್ಭವಗಳನ್ನು ಅಜ್ಞಾನಿಗಳ ತೊದಲೆಂದು ಅವನು ತಿಳಿದಿದ್ದರೆ ಅಷ್ಟು ಶ್ರಮಪಡುತ್ತಿರಲಿಲ್ಲ.

ಹಾಗಾದರೆ ‘ರಿಷಬ್’ ಎಂಬುದೇನು? ಋಕಾರವು ‘ರಿ’ ಆಯಿತು; ಭಕಾರವು ಮಹಾಪ್ರಾಣವನ್ನು ಕಳೆದುಕೊಂಡಿತು; ಕೊನೆಯ ಅಕಾರವು ಹಿಂದಿಯವರ ರೂಢಿಯಂತೆ ಲೋಪವಾಯಿತು. ಇದೂ ಅಪಭ್ರಂಶವೇ. ವ್ಯತ್ಯಾಸವಿಷ್ಟೆ: ಬಸವನೆಂಬ ಅಪಭ್ರಂಶವನ್ನು ಮಾಡಿದವರು ಕನ್ನಡಿಗರ ಹಿರಿಯರು, ರಿಷಬ್ ಎಂಬ ಅಪಭ್ರಂಶವು ಹೊರಗಿನಿಂದ ಸಿದ್ಧವಾಗಿ ಬಂದದ್ದು. ಋಷಭನೆಂಬ ಹೆಸರಿನ ಮೇಲೆ ಇಲ್ಲಿ ದ್ವೇಷವೇನೂ ಇಲ್ಲ. ಆದಿತೀರ್ಥಂಕರನಿಗೆ ಋಷಭ, ವೃಷಭ ಎಂಬ ಎರಡು ಹೆಸರೂ ಉಂಟು. ಜೈನರ ಮನೆಗಳಲ್ಲಿ ಅದು ಪರಂಪರೆಯಿಂದ ಬಂದ ಪೂಜ್ಯನಾಮ. ಆಕ್ಷೇಪವಿರುವುದು, ಬಸವನನ್ನು ಹೀನನೆಂದು ಎಣಿಸಿ ಆ ಸ್ಥಾನದಲ್ಲಿ ಅವನನ್ನು ತಂದು ಕೂಡಿಸುವವರ ಮೇಲೆ.

ಅರ್ಥಗೌರವವನ್ನು ತೂಗುವುದಾದರೂ ಬಸವನ ತಟ್ಟೆಯೇ ಕೆಳಗಿಳಿಯುತ್ತದೆ. ಋಷಭಕ್ಕೆ ಮೂಲವು ಚಲನಾರ್ಥಕವಾದ ಧಾತು. ವೃಷಭಕ್ಕೆ ಮೂಲವು ಮಳೆಗರೆಯುವ ಅರ್ಥವುಳ್ಳ ಧಾತು. ‘ವರ್ಷ’ವೆಂಬ ಪದವೂ ಅಲ್ಲಿಂದಲೇ ಹುಟ್ಟಿತು. ವೃಷವೆಂದರೆ ಧರ್ಮವೆಂದೂ ಕೋಶದಲ್ಲಿದೆ, ಮನುಸ್ಮೃತಿಯಲ್ಲಿಯೂ ಇದೆ. ಮಳೆಯನ್ನೂ ಧರ್ಮವನ್ನೂ ಒಳಗೊಂಡ ಹೆಸರನ್ನು ತೊರೆಯುವುದಕ್ಕೆ ‘ಅರ್ಥ ಚೆನ್ನಾಗಿಲ್ಲ’ವೆಂಬ ಕಾರಣವನ್ನು ಕೊಡುವುದು ಸೋಜಿಗವಲ್ಲವೆ?

ಹೆಸರಿನ ಲಕ್ಷಣವನ್ನು ಕುರಿತು ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಯಾಜ್ಞಿಕರ ಮತವನ್ನು ಉಲ್ಲೇಖಿಸಿದ್ದಾನೆ: ಹೆಸರು ಘೋಷಾಕ್ಷರದಿಂದ ಆರಂಭವಾಗತಕ್ಕದ್ದು, ನಡುವೆ ಅಂತಃಸ್ಥಾಕ್ಷರವಿರತಕ್ಕದ್ದು, ವೃದ್ಧಿಸ್ವರವು ಆದಿಯಲ್ಲಿರಬಾರದು, ಮೂರು ತಲೆಮಾರಿನ ಹಿರಿಯರನ್ನು ಅನುಸರಿಸತಕ್ಕದ್ದು, ಎರಡು ಅಥವಾ ನಾಲ್ಕು ಅಕ್ಷರಗಳಿರತಕ್ಕದ್ದು. ಬಕಾರವು ಘೋಷ, ವಕಾರವು ಅಂತಃಸ್ಥ, ವೃದ್ಧಿಯಿಲ್ಲ, ತಾತನ ಹೆಸರಂತೂ ಹೌದು. ಬಸವನಿಗೆ ಮೂರೇ ಅಕ್ಷರಗಳೆಂಬ ಕೊರತೆಯನ್ನು ಒಪ್ಪಲೇಬೇಕು. ಆದರೆ ಬಸವಣ್ಣ, ಬಸವಪ್ಪ ಎಂದರೆ ನಾಲ್ಕಾಗುತ್ತವೆ. ಋಷಭನಾದರೋ ಸ್ವರದಿಂದ ಆರಂಭವಾಗುತ್ತಾನೆ, ಅಂತಃಸ್ಥವಿಲ್ಲ, ಅಕ್ಷರಗಳೂ ಮೂರೇ. ತದ್ಭವಕ್ಕೆ ಯಾಜ್ಞಿಕರ ಲಕ್ಷಣವನ್ನು ಹಚ್ಚುವುದು ಅತಿಯಾಯಿತೆಂದು ಪಂಡಿತರು ನಕ್ಕಾರು, ನಗಲಿ. ಶುದ್ಧ ಸಂಸ್ಕೃತವೆಂದು ವಾದಕ್ಕೆ ನಿಂತವರಿಗೆ ಸಂಸ್ಕೃತದಿಂದಲೇ ಉತ್ತರ ಹೇಳಬೇಕಾಯಿತು.

ಹಳ್ಳಿಯ ಹೆಸರೆಂಬ ಮಾತು ಉಳಿಯಿತು. ಹಳ್ಳಿಯದಾದರೆ ಕೀಳೆಂಬುದೇ ತಪ್ಪು; ಆದರೂ ಚರಿತ್ರೆಯನ್ನು ನೋಡಿದರೆ ಈ ಹೆಸರು ಹಳ್ಳಿಯಲ್ಲಿ ಮಾತ್ರ ಉಳಿದುದಲ್ಲ. ಮಾದಲಾಂಬಿಕೆಯು ನಂದಿಯನ್ನು ಆರಾಧಿಸಿ ಪಡೆದ ಮಗನೆಂದು ಪುರಾಣಗಳು ವರ್ಣಿಸುವ ಬಸವಣ್ಣನು 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದನು. ಅವನ ಚರಿತೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹಾಡಿದನು. 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ರಚಿಸಿದನು. ಅಂದಿನಿಂದ ಬಸವಯ್ಯ, ಬಸಪ್ಪ, ಬಸವಲಿಂಗ, ಬಸವೇಗೌಡ, ಬಸಮ್ಮ, ಬಸವ್ವ ಎಂದು ಈ ಹೆಸರು ಗಂಡುಹೆಣ್ಣೆನ್ನದೆ, ಒಂದೇ ಪಂಗಡವೆನ್ನದೆ, ಆಂಧ್ರದವರೆಗೂ ಕವಲೊಡೆದು ಹಬ್ಬಿತು. 1697ರಿಂದ 1714ರವರೆಗೆ ಕೆಳದಿಯನ್ನಾಳಿದ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ವಿಶ್ವಕೋಶಪ್ರಾಯವಾದ ಗ್ರಂಥವನ್ನು ಬರೆದದ್ದು ಸಂಸ್ಕೃತದಲ್ಲಿ. ಮೈಸೂರಿನ ಆಸ್ಥಾನದಲ್ಲಿದ್ದು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸನೆನಿಸಿಕೊಂಡವರು ಬಸವಪ್ಪಶಾಸ್ತ್ರಿಗಳು. ಸಂಸ್ಕೃತದಲ್ಲಿ ಮುಳುಗೆದ್ದ ಇವರಿಬ್ಬರಿಗೂ ತಮ್ಮ ಹೆಸರನ್ನು ಸಂಸ್ಕರಿಸಿಕೊಳ್ಳಬೇಕೆಂದು ತೋರಲಿಲ್ಲ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವೇಶ್ವರನ ಪ್ರತಿಮೆಯನ್ನು ನಿಲ್ಲಿಸಿದರು. 2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಘೋಷಣೆಗೆ ಚಪ್ಪಾಳೆ ತಟ್ಟಿದ ಕೈಗಳೇ ಮನೆಗೆ ಬಂದು, ಮೊಮ್ಮಗನ ಹೆಸರಿನ ಪಟ್ಟಿಯಿಂದ ಬಸವನನ್ನು ಹೊಡೆದುಹಾಕುತ್ತಿವೆ.

ಶಾಲೆಯಲ್ಲಿ ಜೊತೆಯ ಹುಡುಗರು ‘ಕೋಲೆ ಬಸವ’ನೆಂದು ಹಾಸ್ಯಮಾಡುತ್ತಾರೆಂಬುದು ತಾಯಂದಿರ ಭಯ. ಅದು ಸುಳ್ಳಲ್ಲ, ಮಕ್ಕಳು ಹಾಸ್ಯಮಾಡುವರು. ಆದರೆ ಹಾಸ್ಯಕ್ಕೆ ಸಿಕ್ಕದ ಹೆಸರು ಯಾವುದುಂಟು? ತಲೆಯಾಡಿಸುವ ಬಸವನೊಂದಿಗೆ ಹೋಲಿಸಬೇಕಾದವರು, ಊರಿನವರೆಲ್ಲ ಇಟ್ಟರೆಂದು ತಾವೂ ಅದೇ ಹೆಸರಿಗೆ ತಲೆಯಾಡಿಸುವ ದೊಡ್ಡವರು, ಆ ಕೂಸಲ್ಲ.

ಕರೆಯುವುದಕ್ಕೆ ಚಿಕ್ಕದಾದ, ಮುದ್ದಾದ ಹೆಸರು ಬೇಕೆಂಬ ಬಯಕೆಯು ನ್ಯಾಯವಾದದ್ದು. ಅದಕ್ಕೆ ಹಿಂದಿನ ಮನೆಗಳು ಉಪಾಯವನ್ನು ಮಾಡಿಕೊಂಡೇ ಇದ್ದವು. ಮಾವನ ಹೆಸರು ಹಿಡಿದು ಮಗನನ್ನು ಗದರಿಸುವುದು ಸೊಸೆಗೆ ಸಲ್ಲದೆಂದು, ತಾತನ ಹೆಸರಿನ ಹುಡುಗನನ್ನು ಪುಟ್ಟ, ಮರಿ, ಅಪ್ಪಯ್ಯ ಎಂದು ಕರೆಯುತ್ತಿದ್ದರು. ಸಂಕಲ್ಪದಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಬಸವನು ಬಸವನಾಗಿಯೇ ಇರುತ್ತಿದ್ದನು. ಮನೆಯೊಳಗೆ ರಿಷಬ್ ಎಂದು ಕೂಗಬೇಕೆಂಬ ಆಸೆಯುಳ್ಳವರು ಹಾಗೆಯೇ ಕೂಗಲಿ. ಅಕ್ಕಿಯ ಹರಿವಾಣದಲ್ಲಿ ಉಂಗುರದಿಂದ ಹೆಸರನ್ನು ಬರೆಯುವಾಗ ತಾತನನ್ನು ಒಮ್ಮೆ ಹತ್ತಿರಕ್ಕೆ ಕರೆದರಾಯಿತು.