ಪೆಡಲ್ ಇಲ್ಲದಿದ್ದರೂ ಕ್ಲಚ್ ಇದೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಯಂಗಳಗಳಲ್ಲಿ ಈಗ ಕ್ಲಚ್ ಪೆಡಲ್ ಇಲ್ಲದ ಸಣ್ಣ ಕಾರುಗಳೂ ನಿಂತಿರುತ್ತವೆ. ಮೊಣಕಾಲು ನೋವಿನ ಹಿರಿಯರಿಗೂ ಹೊಸದಾಗಿ ವಾಹನ ಕಲಿಯುವ ಹೆಣ್ಣುಮಕ್ಕಳಿಗೂ ಇವು ಬಹಳ ಅನುಕೂಲ. ಆದರೆ ಇಂಥ ಕಾರು ದಾರಿಯ ನಡುವೆ ನಿಂತಿತೆಂದರೆ, ಗೇರ್‌ಬಾಕ್ಸೇ ಕೆಟ್ಟಿತೆಂದು ಮನೆಮಂದಿ ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲಿ ಬೇಡದ ಭಾಗಗಳನ್ನು ಬದಲಿಸಿ ಹಣ ಕಳೆದುಕೊಳ್ಳುವುದೂ ಉಂಟು. ಆದುದರಿಂದ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

2014ರ ಫೆಬ್ರುವರಿಯಲ್ಲಿ ಮಾರುತಿ ಸಂಸ್ಥೆಯ ಸೆಲೆರಿಯೊ ಕಾರಿನೊಡನೆ ಎ.ಎಂ.ಟಿ. ಎಂಬ ಗೇರ್ ವ್ಯವಸ್ಥೆ ನಮ್ಮ ದೇಶಕ್ಕೆ ಬಂದಿತು. ಅನಂತರ ಬೇರೆ ಸಂಸ್ಥೆಗಳ ಸಣ್ಣ ಕಾರುಗಳೂ ಅದನ್ನು ಅಳವಡಿಸಿಕೊಂಡವು. ಇದರಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸೇ, ಸಾಮಾನ್ಯ ಕ್ಲಚ್ಚೇ. ಚಾಲಕನ ಕೈಕಾಲು ಮಾಡುವ ಕೆಲಸವನ್ನು ಗಣಕದ ಆಜ್ಞೆಯಂತೆ ಒಂದು ಯಂತ್ರಭಾಗ ಮಾಡುತ್ತದೆ. ಅದಕ್ಕೆ ಆಕ್ಚುಯೇಟರ್ ಎಂದು ಹೆಸರು. ಪೆಡಲ್ ಇಲ್ಲವೆಂದ ಮಾತ್ರಕ್ಕೆ ಕ್ಲಚ್ ಸವೆಯುವುದಿಲ್ಲವೆಂದು ಭಾವಿಸುವುದೇ ಅನೇಕ ತೊಂದರೆಗಳ ಮೂಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಭಾಗದ ರಸ್ತೆಗಳ ಸ್ಥಿತಿ ಎಲ್ಲರಿಗೂ ಗೊತ್ತು. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಅಂಗುಲ ಅಂಗುಲವಾಗಿ ಸಾಗುವಾಗ, ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಲದಿಂದಲೇ ಕಾರನ್ನು ತಡೆದು ನಿಲ್ಲಿಸುವವರಿದ್ದಾರೆ. ಆಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತ ಕಾದು ಸುಡುತ್ತದೆ. ನಿಂತಾಗ ಬ್ರೇಕ್ ಒತ್ತಿರಿ. ಮುಂದೆ ಸಾಕಷ್ಟು ಜಾಗ ಬಿಟ್ಟು ಆಮೇಲೆ ಚಲಿಸಿರಿ. ಶ್ರೀಶೈಲದ ಘಟ್ಟ ಏರುವಾಗಲೂ ಇದೇ ನಿಯಮ.

ಕಾರು ಸ್ಟಾರ್ಟ್ ಆಗದಿದ್ದರೆ ಅಥವಾ ಗೇರ್ ಬೀಳದಿದ್ದರೆ ಮೊದಲು ಲಿವರನ್ನು ನ್ಯೂಟ್ರಲ್‌ಗೆ ತಂದು ಬ್ರೇಕನ್ನು ಪೂರ್ತಿ ಒತ್ತಿ ನೋಡಬೇಕು. ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ದೀಪ ಹತ್ತುವುದೇ ಎಂದು ಕೇಳಿರಿ. ಹತ್ತದಿದ್ದರೆ ದೋಷ ಬ್ರೇಕ್ ಸ್ವಿಚ್ ಇಲ್ಲವೆ ಫ್ಯೂಸಿನಲ್ಲಿರಬಹುದು. ಗಣಕಕ್ಕೆ ಬ್ರೇಕ್ ಒತ್ತಿದ ಸುದ್ದಿಯೇ ತಲುಪಿರುವುದಿಲ್ಲ. ಎರಡನೆಯದು ಬ್ಯಾಟರಿ. ಅದು ಬಲಗುಂದಿದರೆ ಆಕ್ಚುಯೇಟರ್ ಸರಿಯಾಗಿ ಕೆಲಸ ಮಾಡದು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ ಕಟ್ಟಿದೆಯೇ, ಕ್ಲಿಪ್ಪುಗಳು ಸಡಿಲಾಗಿವೆಯೇ ನೋಡಿರಿ.

ಎಂಜಿನ್ ಕೂಗುತ್ತದೆ, ಆದರೆ ವೇಗ ಏರದು, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಸವೆದಿರುವುದೇ ಹೆಚ್ಚು ಸಂಭವ. ಕಾರಿನಡಿ ಎಣ್ಣೆಯ ಕಲೆ ಕಂಡರೆ ತಡಮಾಡದೆ ತೋರಿಸಬೇಕು. ಹೊಸ ಕ್ಲಚ್ ಹಾಕಿಸಿದ ಮೇಲೂ ಕಾರು ಜಗ್ಗಿದರೆ, ಹೊಸ ಕ್ಲಚ್ಚಿನ ಅಳತೆಯನ್ನು ಗಣಕಕ್ಕೆ ಕಲಿಸಿಕೊಟ್ಟಿದ್ದಾರೆಯೇ ಎಂದು ಕೇಳಿರಿ. ಈ ಕೆಲಸಕ್ಕೆ ಬೇಕಾದ ಉಪಕರಣ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಗೇರ್ ಬದಲಾಗುವಾಗಿನ ಸಣ್ಣ ಜಗ್ಗಾಟ ಮಾತ್ರ ರೋಗವಲ್ಲ. ಆ ಕ್ಷಣ ಆಕ್ಸಿಲರೇಟರನ್ನು ತುಸು ಸಡಿಲಿಸಿದರೆ ಅದು ತಗ್ಗುತ್ತದೆ.

ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಎ.ಎಂ.ಟಿ. ಅಲ್ಲ. ಟಾರ್ಕ್ ಕನ್ವರ್ಟರ್ ಹಾಗೂ ಸಿ.ವಿ.ಟಿ. ಕಾರುಗಳಲ್ಲಿ ಎಣ್ಣೆಯೇ ಜೀವಾಳ. ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಕಾರು ತಡೆದು ಚಲಿಸಿದರೆ ಎಣ್ಣೆಯ ಮಟ್ಟವನ್ನು ಪರೀಕ್ಷಿಸಬೇಕು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಹಾಕಿಸಬಾರದು. ಇವು ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಯದೆ, ಎಂಜಿನ್ ಬಲ ಪಡೆಯುವ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸಬೇಕು.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ಪ್ರವಾಹ ನಮ್ಮ ಊರುಗಳಿಗೆ ನುಗ್ಗಿದುದನ್ನು ಮರೆಯಲಾಗದು. ನೀರಿನಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡುವ ಗೋಜಿಗೆ ಹೋಗಬೇಡಿರಿ. ಬ್ಯಾಟರಿಯ ತಂತಿ ಬಿಚ್ಚಿಸಿ ಗ್ಯಾರೇಜಿಗೆ ಸಾಗಿಸಿರಿ.

ಕೊನೆಗೆ, ಹಣಕ್ಕಿಂತ ಮಿಗಿಲಾದ ಒಂದು ಮಾತು. ಹೆಚ್ಚಿನ ಎ.ಎಂ.ಟಿ. ಕಾರುಗಳಲ್ಲಿ ನಿಲುಗಡೆಯ ಪಿ ಸ್ಥಾನವಿರುವುದಿಲ್ಲ. ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರು ಇಳಿಜಾರಿನಲ್ಲಿ ತಾನಾಗಿ ಉರುಳಬಹುದು. ಅಂಗಳದಲ್ಲಿ ಆಡುವ ಮಕ್ಕಳನ್ನು ನೆನೆದು, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿರಿಸಿಯೇ ಎಂಜಿನ್ ನಿಲ್ಲಿಸಿರಿ. ಇದನ್ನು ಮನೆಯಲ್ಲಿ ಕಾರು ನಡೆಸುವ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು ಕೋರುತ್ತೇವೆ.