ಉಳಿಸಿಕೊಂಡ ದೃಷ್ಟಿಯೂ ಗಳಿಕೆಯೇ

ಕಣ್ಣಿನ ಚಿಕಿತ್ಸೆಯೆಂದರೆ ನಮ್ಮ ಹಿರಿಯರ ಮನಸ್ಸಿಗೆ ಬರುವುದು ಪೊರೆಯ ಶಸ್ತ್ರಚಿಕಿತ್ಸೆ. ಒಮ್ಮೆ ಮಾಡಿಸಿಕೊಂಡರೆ ಮಬ್ಬು ಹರಿದು ಲೋಕ ಬೆಳಗಬೇಕು. ಇದೇ ನಿರೀಕ್ಷೆಯಿಂದ ಮ್ಯಾಕುಲಾ ರೋಗದ ಚಿಕಿತ್ಸೆಗೆ ಹೋಗುವ ಹಲವರು ನಿರಾಶರಾಗಿ ಅರ್ಧದಲ್ಲಿಯೇ ಬಿಟ್ಟುಬಿಡುತ್ತಾರೆ. ಮುಂಬಯಿಯ ಕನ್ನಡಿಗ ಕುಟುಂಬಗಳು ಈ ಬಗ್ಗೆ ಯೋಚಿಸಬೇಕಾಗಿದೆ.

ಅಕ್ಷಿಪಟಲದ ನಡುಭಾಗವೇ ಮ್ಯಾಕುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ಅದರ ಬಲದಿಂದ. ಮುಪ್ಪಿನಲ್ಲಿ ಅದಕ್ಕೆ ತಗಲುವ ರೋಗದಲ್ಲಿ ಒಣ, ಒದ್ದೆ ಎಂದು ಎರಡು ಬಗೆ. ಒದ್ದೆ ಬಗೆಯಲ್ಲಿ ಅಕ್ಷಿಪಟಲದ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ನೇರ ಗೆರೆ ಡೊಂಕಾಗಿ ಕಾಣುತ್ತದೆ. ನೋಟದ ನಡುವೆ ಮಚ್ಚೆ ನಿಲ್ಲುತ್ತದೆ. ಅಂಚಿನ ನೋಟ ಉಳಿಯುವುದರಿಂದ ರೋಗಿ ನಡೆದಾಡಬಲ್ಲರು, ಮುಖ ಗುರುತಿಸಲಾರರು. ಸಂಘದ ಸಭೆಯಲ್ಲಿ ಎದುರಾಗಿಯೂ ಮಾತನಾಡಿಸದ ಹಿರಿಯರನ್ನು ಗರ್ವಿಗಳೆನ್ನುವ ಮೊದಲು ಇದನ್ನು ನೆನೆಯೋಣ.

2006ರಲ್ಲಿ ಅಮೆರಿಕದಲ್ಲಿ ರಾನಿಬಿಜುಮ್ಯಾಬ್ ಔಷಧಕ್ಕೆ ಮಂಜೂರಾತಿ ದೊರೆತ ಬಳಿಕ, ಕಣ್ಣಿನೊಳಗೆ ಚುಚ್ಚುಮದ್ದು ಕೊಟ್ಟು ಸೋರಿಕೆಯನ್ನು ತಡೆಯುವ ಕ್ರಮ ವ್ಯಾಪಕವಾಯಿತು. ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್ ಅದಕ್ಕಿಂತ ಬಹಳ ಅಗ್ಗ. ದೃಷ್ಟಿಯ ಮಟ್ಟಿಗೆ ಎರಡರ ಫಲವೂ ಹೆಚ್ಚುಕಡಿಮೆ ಸಮವೆಂದು 2011ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಕಣ್ಣಿಗೆ ಸೂಜಿಯೆಂದರೆ ಯಾರ ಎದೆಯೂ ನಡುಗೀತು. ಚುಚ್ಚಿಸಿಕೊಂಡವರ ಅನುಭವ ಬೇರೆ: ಮರಗಟ್ಟಿಸುವ ಹನಿ ಹಾಕುವುದರಿಂದ ನೋವು ಅಷ್ಟಿಲ್ಲ, ಕಾಯುವಾಗಿನ ಭಯವೇ ದೊಡ್ಡದು. ಅಂದು ಕಣ್ಣು ಉರಿಯುವುದುಂಟು. ಆದರೆ ಮುಂದಿನ ದಿನಗಳಲ್ಲಿ ನೋವು ಹೆಚ್ಚಿದರೆ, ದೃಷ್ಟಿ ಕುಂದಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಸೋಂಕು ಅಪರೂಪ, ಆದರೆ ಅಪಾಯಕರ.

ನಿಜವಾದ ಕಷ್ಟ ಸೂಜಿಯದಲ್ಲ, ಸರದಿಯದು. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು, ಆಮೇಲೆ ಅಗತ್ಯವಿದ್ದಂತೆ ವರ್ಷಗಟ್ಟಲೆ. ಪಾಪೆ ಹಿಗ್ಗಿಸುವ ಹನಿಯಿಂದ ನೋಟ ಮಂಜಾಗುವ ಕಾರಣ ಜೊತೆಗೊಬ್ಬರು ಬೇಕು. ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗುವ ಹಿರಿಯರು, ಮಗ ಮತ್ತೆ ರಜೆ ಹಾಕಬೇಕಲ್ಲ ಎಂಬ ಸಂಕೋಚದಿಂದಲೇ ‘ಇನ್ನು ಸಾಕು’ ಎನ್ನುತ್ತಾರೆ.

ಕೆಲವರಿಗೆ ನೋಟ ಸುಧಾರಿಸುತ್ತದೆ. ಅನೇಕರಿಗೆ ಇದ್ದದ್ದು ಉಳಿಯುತ್ತದೆ. ಆ ಉಳಿಕೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನವನಾದ ನನಗೆ ಇದು ವಿಮೆಯ ಕಂತಿನಂತೆ ತೋರುತ್ತದೆ. ಕಂತು ಕಟ್ಟುವವರು ‘ಈ ವರ್ಷ ನನಗೇನು ಬಂತು’ ಎಂದು ಕೇಳುವುದಿಲ್ಲ. ತಪ್ಪಿದರೆ ಪಾಲಿಸಿ ಬಿದ್ದುಹೋಗುವುದೆಂದು ಬಲ್ಲರು. ವ್ಯತ್ಯಾಸವಿಷ್ಟೇ: ಬಿದ್ದ ಪಾಲಿಸಿಯನ್ನು ದಂಡ ತೆತ್ತು ಎಬ್ಬಿಸಬಹುದು, ಕಲೆಗಟ್ಟಿದ ಮ್ಯಾಕುಲಾವನ್ನು ಎಬ್ಬಿಸಲಾಗದು.

ಆದುದರಿಂದ ಮಕ್ಕಳು ‘ಈಗ ಚೆನ್ನಾಗಿ ಕಾಣುತ್ತದೆಯೇ?’ ಎಂದು ಕೇಳುವ ಬದಲು ‘ಮುಂದಿನ ತಾರೀಖು ಯಾವುದು?’ ಎಂದು ಕೇಳಲಿ. ಸಂಘವೂ ಆಸ್ಪತ್ರೆಗೆ ಜೊತೆ ಹೋಗಬಲ್ಲ ಸದಸ್ಯರ ಯಾದಿಯೊಂದನ್ನು ಸಿದ್ಧಪಡಿಸಲಿ. ಹಣ ಬೇಡುವ ಕೆಲಸವಲ್ಲವಿದು. ಅರ್ಧ ದಿನದ ಬಿಡುವು ಸಾಕು.